ಕಾಸರಗೋಡಿಗೆ ಹೊಸದಾಗಿ ಬಂದವರಿಗೆ: ಕಲೆ ಎಲ್ಲಿ, ಯಾವಾಗ, ಹೇಗೆ ನೋಡುವುದು

ಸಿಪಿಸಿಆರ್‌ಐಗೆ (ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ) ಸೇರಿದವರು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಬಂದವರು, ಬ್ಯಾಂಕಿನಿಂದ ವರ್ಗವಾಗಿ ಬಂದವರು, ಹೀಗೆ ಪ್ರತಿ ವರ್ಷ ಕೆಲವು ಹೊಸ ಮನೆಯವರು ನಮ್ಮ ಸಂಘಕ್ಕೆ ಬರುತ್ತಾರೆ. ಬಾಡಿಗೆ ಮನೆ, ಶಾಲೆ, ಗ್ಯಾಸು ಎಲ್ಲ ಆದ ಮೇಲೆ ಹೆಚ್ಚಿನವರು ಕೇಳುವುದು ಇದನ್ನೇ: ರಜೆ ದಿನ ಮಕ್ಕಳನ್ನು ಕರೆದುಕೊಂಡು ಹೋಗೋಕೆ ಇಲ್ಲಿ ಏನಿದೆ? ಚಿತ್ರ ಪ್ರದರ್ಶನ, ನಾಟಕ, ಸಂಗೀತ ಏನಾದ್ರೂ ನಡೆಯುತ್ತಾ?

ನಡೆಯುತ್ತದೆ, ಬೇಕಾದಷ್ಟು ನಡೆಯುತ್ತದೆ. ಆದರೆ ಮೊಬೈಲಿನಲ್ಲಿ 'ಆರ್ಟ್ ಗ್ಯಾಲರಿ' ಅಂತ ಹುಡುಕಿದರೆ ಸಿಗುವುದು ಕಡಿಮೆ. ಇಲ್ಲಿ ಕಲೆ ಇರುವುದು ದೇವಸ್ಥಾನದ ಅಂಗಳದಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ, ತರವಾಡು ಮನೆಯ (ಕುಟುಂಬದ ಮೂಲ ಮನೆ) ಎದುರು, ಶಾಲೆಯ ಸ್ಟೇಜಿನಲ್ಲಿ, ವಾಚನಾಲಯದ ಮಹಡಿಯಲ್ಲಿ. ಹೆಚ್ಚಿನದಕ್ಕೆ ಟಿಕೆಟ್ಟೂ ಇಲ್ಲ, ಗೇಟೂ ಇಲ್ಲ. ಯಾರು ಬೇಕಾದರೂ ಹೋಗಬಹುದು. ಹೋಗುವುದು ಹೇಗೆ ಅಂತ ಗೊತ್ತಿರಬೇಕು, ಅಷ್ಟೇ. ಈ ಬರಹ ಅದಕ್ಕಾಗಿ.

ಮೊದಲು ಕಾಲ ತಿಳಿದುಕೊಳ್ಳಿ

ಇಲ್ಲಿನ ಕಾರ್ಯಕ್ರಮಗಳು ನಡೆಯುವುದು ಮಳೆಯ ಲೆಕ್ಕದಲ್ಲಿ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಪತ್ತನಾಜೆಗೆ, ಅಂದರೆ ವೃಷಭ ಮಾಸದ ಹತ್ತನೇ ದಿನ, ಸುಮಾರು ಮೇ 24ರ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತಾರೆ. ತೆಯ್ಯಂ, ಅಂದರೆ ದೈವದ ವೇಷ ಕಟ್ಟಿ ಕುಣಿಯುವ ಆರಾಧನೆ, ಶುರುವಾಗುವುದು ಮಲಯಾಳ ಪಂಚಾಂಗದ ತುಲಾಂ ತಿಂಗಳ ಹತ್ತಕ್ಕೆ, ಅಕ್ಟೋಬರ್ ಕೊನೆಯಲ್ಲಿ. ಅದೂ ಮಳೆ ಹಿಡಿಯುವ ತನಕ. ಹಾಗಾಗಿ ನವೆಂಬರಿನಿಂದ ಮೇವರೆಗೆ ನಿಮ್ಮ ಶನಿವಾರ, ಭಾನುವಾರಗಳನ್ನು ಸ್ವಲ್ಪ ಖಾಲಿ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡಿ. ಆಗ ತಾಳಮದ್ದಳೆಯ ಕಾಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಹಾಡು, ಚೆಂಡೆ ಮದ್ದಳೆ, ಪಾತ್ರಗಳಾಗಿ ಎದುರುಬದುರು ಕುಳಿತ ಅರ್ಥಧಾರಿಗಳ ಮಾತು. ಕನ್ನಡ ಮಾತನ್ನು ಇಷ್ಟಪಡುವವರು ಇದನ್ನು ತಪ್ಪಿಸಬಾರದು. ಬರೆದುಕೊಂಡು ಬಂದ ಸಂಭಾಷಣೆ ಅಲ್ಲ, ಅಲ್ಲೇ ಹುಟ್ಟುವ ವಾದ. ಚೆರ್ಕಳದಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿರುವ ಎಡನೀರು ಮಠದಲ್ಲಿ ಚಾತುರ್ಮಾಸ್ಯದ ದಿನಗಳಲ್ಲಿ ಸಂಗೀತ, ಯಕ್ಷಗಾನ, ತಾಳಮದ್ದಳೆ ಇರುತ್ತವೆ. 1973ರ ಕೇಶವಾನಂದ ಭಾರತಿ ಪ್ರಕರಣ ಕೇಳಿರುತ್ತೀರಿ ಅಲ್ವಾ, ಆ ಸ್ವಾಮೀಜಿಯವರ ಮಠ ಇದು. ಅವರು ಸ್ವತಃ ಹಾಡುತ್ತಿದ್ದರು.

ಆಟಕ್ಕೆ ಹೋಗುವುದು

ಇಲ್ಲಿ 'ಆಟ' ಅಂದರೆ ಯಕ್ಷಗಾನ. ಶಿರಸಿ, ಸಾಗರ ಕಡೆಯಿಂದ ಬಂದವರು ನೋಡಿರುವುದು ಬಡಗುತಿಟ್ಟು. ಇಲ್ಲಿನದು ತೆಂಕುತಿಟ್ಟು. ಚೆಂಡೆಯ ಪೆಟ್ಟು, ಕಿರೀಟ, ಕುಣಿತ ಎಲ್ಲವೂ ಬೇರೆ. ಯಕ್ಷಗಾನದ ಪಿತಾಮಹ ಅಂತ ಕರೆಸಿಕೊಂಡ ಪಾರ್ತಿಸುಬ್ಬ ಕುಂಬಳೆಯವನು. ಕಾಸರಗೋಡಿನಿಂದ ಮಂಗಳೂರು ಕಡೆ ಬಸ್ಸು ಹತ್ತಿದರೆ ಸಿಗುವ ಅದೇ ಕುಂಬಳೆ. ಅಂಥ ಊರಿನ ಪಕ್ಕದಲ್ಲಿ ಮನೆ ಮಾಡಿ ಒಂದೂ ಆಟ ನೋಡದೆ ವರ್ಗವಾಗಿ ಹೋಗುವವರನ್ನು ಕಂಡರೆ ನಮಗೆ ನಿಜಕ್ಕೂ ಬೇಜಾರಾಗುತ್ತದೆ.

ಹೆಚ್ಚಿನ ಆಟಗಳು ಹರಕೆಯವು. ಒಂದು ಮನೆಯವರೋ ಹತ್ತು ಸಮಸ್ತರೋ ಮೇಳವನ್ನು ಕರೆಸಿ ಬಯಲಲ್ಲಿ ಆಡಿಸುತ್ತಾರೆ. ಕಾಗದ ಕೊಟ್ಟು ಕರೆಯಲಿಲ್ಲ ಅಂತ ಹಿಂಜರಿಯಬೇಡಿ. ಆಟ ಎಲ್ಲರಿಗೂ. ಊಟಕ್ಕೂ ಕರೆಯುತ್ತಾರೆ, ಸಂಕೋಚ ಇಲ್ಲದೆ ಕುಳಿತುಕೊಳ್ಳಿ. ಹಲವು ಮೇಳಗಳು ಈಗ ಕಾಲಮಿತಿಯಲ್ಲಿ ಆಡಿ ನಡುರಾತ್ರಿ ಹೊತ್ತಿಗೆ ಮುಗಿಸುತ್ತವೆ. ಬೆಳಗಿನ ತನಕ ಆಡುವುದೂ ಇದೆ, ಮೊದಲೇ ಕೇಳಿಕೊಳ್ಳಿ.

ನಮ್ಮ ಒಂದು ಸಲಹೆ: ಆಟಕ್ಕೆ ಬೇಗ ಹೋಗಿ, ಮೊದಲು ಚೌಕಿಗೆ ಹೋಗಿ. ರಂಗಸ್ಥಳದಿಂದ ಸ್ವಲ್ಪ ದೂರದಲ್ಲಿ ಚಪ್ಪರ ಹಾಕಿರುತ್ತಾರೆ, ಅದೇ ಚೌಕಿ. ಕಲಾವಿದರು ಎರಡು ಸಾಲಾಗಿ ನೆಲದಲ್ಲಿ ಕುಳಿತು, ಚಿಕ್ಕ ಕನ್ನಡಿ ಹಿಡಿದು, ತಮ್ಮ ಮುಖಕ್ಕೆ ತಾವೇ ಬಣ್ಣ ಹಾಕಿಕೊಳ್ಳುತ್ತಾರೆ. ನೋಡಬೇಕಾದ್ದು ಬಣ್ಣದ ವೇಷದವರನ್ನು, ಅಂದರೆ ರಕ್ಕಸರ ವೇಷ ಹಾಕುವವರನ್ನು. ಅಕ್ಕಿ ಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿಟ್ಟಿರುತ್ತಾರೆ. ಅದನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ, ಹಣೆಯ ಮೇಲೆ ಒಂದೊಂದೇ ಚುಕ್ಕಿಯಾಗಿ ಇಡುತ್ತಾ ಹೋಗುತ್ತಾರೆ. ಒಣಗಿದ ಚುಕ್ಕಿಯ ಮೇಲೆ ಮತ್ತೊಂದು. ಹೀಗೆ ಸಾಲು ಸಾಲು ಬಿಳಿ ಮುಳ್ಳುಗಳು ಏಳುತ್ತವೆ. ಇದಕ್ಕೆ ಚುಟ್ಟಿ ಇಡುವುದು ಅನ್ನುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಕೆಲಸ. ಸಂಜೆ ಮನುಷ್ಯನ ಮುಖವಾಗಿದ್ದದ್ದು ರಾತ್ರಿ ರಕ್ಕಸನದ್ದಾಗಿರುತ್ತದೆ. ಚಿತ್ರ ಬಿಡಿಸುವ ಹುಡುಗ ಹುಡುಗಿಯರಿದ್ದರೆ ಅವರಿಗೆ ಇದಕ್ಕಿಂತ ದೊಡ್ಡ ಪಾಠ ಯಾವ ತರಗತಿಯಲ್ಲೂ ಸಿಗುವುದಿಲ್ಲ.

ಚೌಕಿಯಲ್ಲಿ ದೇವರ ಪೆಟ್ಟಿಗೆ ಇರುತ್ತದೆ, ಹಾಗಾಗಿ ಚಪ್ಪಲಿ ಹೊರಗೆ ಬಿಡಿ. ಬಣ್ಣ ಹಾಕುತ್ತಿರುವವರನ್ನು ಮಾತಾಡಿಸಬೇಡಿ, ಫೋಟೋ ಬೇಕಿದ್ದರೆ ಕೇಳಿ ತೆಗೆಯಿರಿ.

ಮೊದಲ ಬಾರಿಗೆ ಹೋಗುವವರು ದೇವಿಮಹಾತ್ಮೆ ಪ್ರಸಂಗ ಆರಿಸಿಕೊಂಡರೆ ಒಳ್ಳೆಯದು. ಕಥೆ ಗೊತ್ತಿರುತ್ತದೆ, ಕಣ್ಣಿಗೂ ಹಬ್ಬ. ಮಹಿಷಾಸುರ ಬರುವುದು ರಂಗಸ್ಥಳದ ಹಿಂದಿನಿಂದ ಅಲ್ಲ, ಪ್ರೇಕ್ಷಕರ ಹಿಂದಿನಿಂದ, ಸೂಟೆಯ (ಒಣ ತೆಂಗಿನ ಗರಿಯ ಪಂಜು) ಬೆಂಕಿಯ ನಡುವೆ, ಬೊಬ್ಬೆ ಹಾಕುತ್ತಾ. ಚಿಕ್ಕ ಮಕ್ಕಳು ಹೆದರುತ್ತಾರೆ, ಮೊದಲೇ ಹೇಳಿಟ್ಟಿರಿ. ನಡುವಿನ ದಾರಿಯ ಪಕ್ಕ ಕೂರಬೇಡಿ.

ಆಟ ನೋಡಿ ಮಕ್ಕಳಿಗೆ ಕಲಿಯುವ ಆಸೆ ಬಂದರೆ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಕಾಸರಗೋಡು ಪೇಟೆ, ಎಲ್ಲ ಕಡೆ ನಾಟ್ಯ, ಭಾಗವತಿಕೆ, ಚೆಂಡೆ ಕಲಿಸುವವರಿದ್ದಾರೆ. ಹೆಚ್ಚಾಗಿ ಶನಿವಾರ, ಭಾನುವಾರ ತರಗತಿ. ಹೆಣ್ಣುಮಕ್ಕಳೂ ಕಲಿಯುತ್ತಾರೆ. ಮನೆ ಯಾವ ಕಡೆ ಅಂತ ಸಂಘಕ್ಕೆ ತಿಳಿಸಿದರೆ ಹತ್ತಿರದ ಗುರುಗಳನ್ನು ತೋರಿಸಿಕೊಡುತ್ತೇವೆ.

ತೆಯ್ಯಂ, ಕೋಲ

ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದಷ್ಟೂ ತೆಯ್ಯಂ ಜಾಸ್ತಿ, ಬಡಗಿಗೆ ಬಂದಷ್ಟೂ ತುಳುವಿನ ದೈವಾರಾಧನೆಯಾದ ಕೋಲ, ನೇಮ ಜಾಸ್ತಿ. ಪೇಟೆಯ ಸುತ್ತ ಎರಡೂ ಸಿಗುತ್ತವೆ. ಭಾಷೆ ಗೊತ್ತಿಲ್ಲ ಅಂತ ಹೋಗದೇ ಇರಬೇಡಿ. ಅಣಿ (ದೈವದ ತಲೆಯ, ಬೆನ್ನಿನ ದೊಡ್ಡ ಅಲಂಕಾರ), ಮುಖದ ಬಣ್ಣ, ತಾಳ ಇವು ಕಣ್ಣಿಗೆ, ಕಿವಿಗೆ ನೇರ ತಲುಪುತ್ತವೆ. ತೆಯ್ಯಂ ಕಟ್ಟುವವರು ನೆಲದ ಮೇಲೆ ಅಂಗಾತ ಮಲಗಿರುತ್ತಾರೆ, ಇನ್ನೊಬ್ಬರು ತಲೆಯ ಹತ್ತಿರ ಕುಳಿತು ತೆಂಗಿನ ಗರಿಯ ಕಡ್ಡಿಯಿಂದ ಮುಖದ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಗೆರೆ ಎಳೆಯುತ್ತಾರೆ. ಕೆಂಪು, ಕಪ್ಪು, ಅರಿಸಿನ, ಅಕ್ಕಿ ಹಿಟ್ಟಿನ ಬಿಳಿ. ಒಂದೊಂದು ದೈವಕ್ಕೂ ಒಂದೊಂದು ಬರಹ.

ಆದರೆ ಒಂದು ಮಾತು ನೆನಪಿಡಿ. ಇದು ನಮಗೆ ಪ್ರದರ್ಶನದ ಹಾಗೆ ಕಂಡರೂ ಅಲ್ಲಿರುವವರಿಗೆ ಆರಾಧನೆ. ಗಂಡಸರು ಅಂಗಿ ತೆಗೆಯಬೇಕಾದ ಜಾಗಗಳಿವೆ, ಸುತ್ತ ಇರುವವರನ್ನು ನೋಡಿ ತಿಳಿದುಕೊಳ್ಳಿ. ಫ್ಲ್ಯಾಶ್ ಹಾಕಬೇಡಿ. ಮೊಬೈಲ್ ಎತ್ತಿ ಹಿಡಿದು ಹಿಂದಿನವರಿಗೆ ಅಡ್ಡ ಆಗಬೇಡಿ. ದೈವ ಹತ್ತಿರ ಕರೆದು ಮಾತಾಡಿಸಿದರೆ ಕೈ ಮುಗಿದು ನಿಂತರೆ ಸಾಕು. ಕಾಣಿಕೆ ಕೊಡುವವರು ಚಿಲ್ಲರೆ ನೋಟು ಇಟ್ಟುಕೊಂಡಿರುತ್ತಾರೆ. ವಿಷ್ಣುಮೂರ್ತಿ ದೈವದ ಒತ್ತೆಕೋಲದಲ್ಲಿ ಕೆಂಡದ ರಾಶಿ ಇರುತ್ತದೆ, ಮಕ್ಕಳ ಕೈ ಬಿಡಬೇಡಿ. ತೆಯ್ಯಂ ಉತ್ಸವಕ್ಕೆ ಕಳಿಯಾಟ ಅನ್ನುತ್ತಾರೆ, ಅದರಲ್ಲಿ ದೊಡ್ಡದು ಪೆರುಂಕಳಿಯಾಟ; ಹಾಗಂತ ಫ್ಲೆಕ್ಸ್ ಕಂಡರೆ ಖಂಡಿತ ಹೋಗಿ. ಒಂದು ಜಾಗದಲ್ಲಿ ಅದು ಎಷ್ಟೋ ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತದೆ.

ಜಾತ್ರೆಗಳ ಬಗ್ಗೆ ಎರಡೇ ಮಾತು. ಜನವರಿಯಲ್ಲಿ ಮಕರ ಸಂಕ್ರಾಂತಿಯ ಆಸುಪಾಸಿಗೆ ಕುಂಬಳೆ ಕಣಿಪುರ ಗೋಪಾಲಕೃಷ್ಣ ದೇವಸ್ಥಾನದ ಜಾತ್ರೆ. ಅಲ್ಲಿನ ಬೆಡಿ (ಸಿಡಿಮದ್ದು) ತುಂಬಾ ಹೆಸರುವಾಸಿ, ಸದ್ದೂ ಅಷ್ಟೇ ಜೋರು, ಎಳೆ ಮಕ್ಕಳಿದ್ದರೆ ದೂರ ನಿಲ್ಲಿ. ಏಪ್ರಿಲಿನಲ್ಲಿ ವಿಷುವಿನ ಹೊತ್ತಿಗೆ ಮಧೂರು ದೇವಸ್ಥಾನದ ಜಾತ್ರೆ. ಜಾತ್ರೆ ಇಲ್ಲದ ದಿನವೂ ಮಧೂರಿಗೆ ಒಮ್ಮೆ ಹೋಗಿ, ಆನೆಯ ಬೆನ್ನಿನ ಹಾಗೆ ದುಂಡಗಿರುವ ಆ ಮೂರು ಅಂತಸ್ತಿನ ಮಾಡು (ಛಾವಣಿ), ಮರದಲ್ಲಿ ಕೆತ್ತಿದ ರಾಮಾಯಣದ ಕಥೆ ಎರಡನ್ನೂ ನಿಧಾನವಾಗಿ ನೋಡಿ. ಪೇಟೆಯಿಂದ ಆಟೋದಲ್ಲೇ ಹೋಗಿ ಬರಬಹುದು.

ಬೊಂಬೆಯಾಟ

ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ 1981ರಲ್ಲಿ ಶುರುವಾದದ್ದು. ತೆಂಕುತಿಟ್ಟಿನ ವೇಷಗಳನ್ನೇ ಪುಟ್ಟದಾಗಿ ಮಾಡಿ ಸೂತ್ರದಲ್ಲಿ ಕುಣಿಸುತ್ತಾರೆ. ಕಿರೀಟ, ಭುಜಕೀರ್ತಿ, ಎದೆಪದಕ ಎಲ್ಲವೂ ಅಳತೆಗೆ ಸರಿಯಾಗಿ. ದೇಶ ವಿದೇಶ ಸುತ್ತಿದ ತಂಡ. ಪೇಟೆಯ ಪೀಲಿಕುಂಜೆಯಲ್ಲಿ ಅವರ 'ಬೊಂಬೆ ಮನೆ' ಇದೆ. ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ, ಮೊದಲೇ ಫೋನ್ ಮಾಡಿ ಸಮಯ ಕೇಳಿ. ಆಟದಲ್ಲಿ ಅಷ್ಟು ಹೊತ್ತು ಕೂರಲಾಗದ ಸಣ್ಣ ಮಕ್ಕಳಿಗೆ ಯಕ್ಷಗಾನದ ಮೊದಲ ಪರಿಚಯ ಇಲ್ಲಿಂದಲೇ ಆಗಲಿ.

ಚಿತ್ರ, ಶಿಲ್ಪ, ನೇಯ್ಗೆ

ಗೋಡೆಗೆ ಚಿತ್ರ ತೂಗು ಹಾಕಿದ ಪ್ರದರ್ಶನವೇ ಬೇಕು ಅನ್ನುವವರು ಕಾಞಂಗಾಡಿಗೆ ಹೋಗಬೇಕು. ಅಲ್ಲಿ ಕೇರಳ ಲಲಿತಕಲಾ ಅಕಾಡೆಮಿಯ ಆರ್ಟ್ ಗ್ಯಾಲರಿ ಇದೆ. ಕಾಸರಗೋಡಿನಿಂದ ರೈಲಿನಲ್ಲಿ ಹೋದರೆ ಸುಲಭ. ಒಬ್ಬೊಬ್ಬ ಕಲಾವಿದರ ಪ್ರದರ್ಶನ ಕೆಲವೇ ದಿನ ಇರುತ್ತದೆ, ಪೇಪರಿನಲ್ಲಿ ನೋಡಿದ ತಕ್ಷಣ ಹೊರಡಿ. ಚಿತ್ರ ಬರೆದವರು ಹೆಚ್ಚಾಗಿ ಅಲ್ಲೇ ಕುಳಿತಿರುತ್ತಾರೆ. ಮಾತಾಡಿಸಿ. ಮಕ್ಕಳಿಗೆ ಪ್ರಶ್ನೆ ಕೇಳಲು ಬಿಡಿ, ಅವರೂ ಖುಷಿಯಿಂದ ಉತ್ತರಿಸುತ್ತಾರೆ. ಮಲಂಪುಳದ ಯಕ್ಷಿ ಶಿಲ್ಪ ಮಾಡಿದ ಕಾನಾಯಿ ಕುಞಿರಾಮನ್ ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ, ಚೆರುವತ್ತೂರು ಕಡೆ.

ಮಂಗಳೂರು ಸುಮಾರು 50 ಕಿಲೋಮೀಟರ್. ಬಲ್ಲಾಳ್‌ಬಾಗಿನ ಪ್ರಸಾದ್ ಆರ್ಟ್ ಗ್ಯಾಲರಿಯಲ್ಲಿ ಪ್ರದರ್ಶನಗಳಾಗುತ್ತವೆ. ಹೋದ ದಿನ ಅಲ್ಲಿ ಏನೂ ಇಲ್ಲದಿದ್ದರೆ ಸಂತ ಅಲೋಶಿಯಸ್ ಚಾಪೆಲ್ ನೋಡಿ ಬನ್ನಿ. ಇಟಲಿಯ ಅಂತೋನಿಯೊ ಮೊಸ್ಕೇನಿ ನೂರಿಪ್ಪತ್ತು ವರ್ಷಕ್ಕೂ ಹಿಂದೆ ಗೋಡೆ, ಮಾಡು ತುಂಬಾ ಬರೆದ ಚಿತ್ರಗಳು ಅಲ್ಲಿವೆ. ಇನ್ನು ಕೊಚ್ಚಿ ಬಿಯೆನಾಲೆ. 2012ರ ಡಿಸೆಂಬರ್ 12ಕ್ಕೆ ಶುರುವಾದ ಈ ದೊಡ್ಡ ಕಲಾಮೇಳ ನಡೆಯುವ ವರ್ಷಗಳಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಎರ್ನಾಕುಳಂಗೆ ನೇರ ರೈಲು ಇದೆ, ಕ್ರಿಸ್‌ಮಸ್ ರಜೆಗೆ ಹೊಂದಿಸಿಕೊಳ್ಳಬಹುದು. ಟಿಕೆಟ್ ಮಾತ್ರ ಬೇಗ ಮಾಡಿ.

ಕಾಸರಗೋಡು ಸೀರೆಯನ್ನೂ ಮರೆಯಬೇಡಿ. ಭೌಗೋಳಿಕ ಸೂಚಿಕೆ ಸಿಕ್ಕಿರುವ ಕೈಮಗ್ಗದ ಹತ್ತಿ ಸೀರೆ. ಓಣಂ, ವಿಷು ಹೊತ್ತಿಗೆ ಕೈಮಗ್ಗ ಮೇಳಗಳಲ್ಲಿ ರಿಯಾಯಿತಿಯಲ್ಲಿ ಸಿಗುತ್ತದೆ. ನೇಯುವವರು ಈಗ ಕಡಿಮೆ ಆಗಿದ್ದಾರೆ. ಊರಿಗೆ ಉಡುಗೊರೆ ಒಯ್ಯುವುದಾದರೆ ಇದನ್ನೇ ಒಯ್ಯಿರಿ ಅಂತ ನಾವು ಎಲ್ಲರಿಗೂ ಹೇಳುತ್ತೇವೆ.

ಶಾಲಾ ಕಲೋತ್ಸವ

ಕೇರಳಕ್ಕೆ ಹೊಸಬರಾದವರಿಗೆ ಇದು ಗೊತ್ತಿರುವುದಿಲ್ಲ. ಮೊದಲು ಶಾಲೆಯಲ್ಲಿ, ಆಮೇಲೆ ಉಪಜಿಲ್ಲೆ, ಜಿಲ್ಲೆ, ಕೊನೆಗೆ ರಾಜ್ಯ ಮಟ್ಟ, ಹೀಗೆ ಹಂತ ಹಂತವಾಗಿ ಸಾಗುವ ಸ್ಪರ್ಧೆ. 2019ರಲ್ಲಿ ಅರುವತ್ತನೇ ರಾಜ್ಯ ಕಲೋತ್ಸವ ನಮ್ಮ ಕಾಞಂಗಾಡಿನಲ್ಲೇ ಆಗಿತ್ತು. ಚಿತ್ರಕಲೆ, ನೃತ್ಯ, ನಾಟಕದ ಜೊತೆ ಯಕ್ಷಗಾನವೂ ಸ್ಪರ್ಧೆಯಲ್ಲಿದೆ, ಕನ್ನಡದಲ್ಲಿ ಕವಿತೆ ಹೇಳುವುದು, ಭಾಷಣ ಕೂಡ ಇವೆ. ನಿಮ್ಮ ಮಗುವಿಗೆ ಮಲಯಾಳ ಬಾರದಿದ್ದರೂ ಸ್ಟೇಜ್ ಹತ್ತುವ ಅವಕಾಶ ಇದೆ ಅಂತಾಯಿತು. ಓಣಂ ರಜೆ ಬರುವ ಮೊದಲೇ ತರಗತಿಯ ಟೀಚರನ್ನು ಕೇಳಿ ಹೆಸರು ಕೊಡಿ. ಸ್ಪರ್ಧೆಗೆ ಸೇರದವರೂ ಉಪಜಿಲ್ಲಾ ಕಲೋತ್ಸವಕ್ಕೆ ಒಂದು ದಿನ ಹೋಗಿ ಬನ್ನಿ. ಒಂದೇ ಶಾಲೆಯ ಅಂಗಳದಲ್ಲಿ ಒಂದು ಕಡೆ ಒಪ್ಪನ ನೃತ್ಯ, ಇನ್ನೊಂದು ಕಡೆ ತಿರುವಾದಿರ ನೃತ್ಯ, ಪಕ್ಕದ ಕೊಠಡಿಯಲ್ಲಿ ಕನ್ನಡ ಪದ್ಯ.

ಸುದ್ದಿ ಸಿಗುವುದು ಎಲ್ಲಿ

ಕನ್ನಡ ಪತ್ರಿಕೆಗಳ ಮಂಗಳೂರು ಆವೃತ್ತಿಯಲ್ಲಿ ಕಾಸರಗೋಡಿನ ಸುದ್ದಿ ಬರುತ್ತದೆ. 'ಇಂದಿನ ಕಾರ್ಯಕ್ರಮ' ಅಂತ ಸಣ್ಣ ಅಕ್ಷರದಲ್ಲಿ ಹಾಕಿರುವುದನ್ನು ಬೆಳಗ್ಗೆಯೇ ಓದಿ. ಆದರೆ ಪೇಪರಿಗಿಂತ ಮೊದಲು ಸುದ್ದಿ ಸಿಗುವುದು ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ, ಅಂಗಡಿಯ ಕ್ಯಾಲೆಂಡರ್ ಪಕ್ಕ ತೂಗುವ ಆಮಂತ್ರಣ ಪತ್ರಿಕೆಯಲ್ಲಿ. ಮಲಯಾಳದ ಪೋಸ್ಟರ್ ಓದಲು ಬಾರದಿದ್ದರೆ ಫೋಟೋ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿ, ಯಾರಾದರೂ ಹೇಳುತ್ತಾರೆ. ಕೊನೆಯಲ್ಲಿ 'ಪ್ರವೇಶನಂ ಸೌಜನ್ಯಂ' ಅಂತಿದ್ದರೆ ಟಿಕೆಟ್ ಇಲ್ಲ ಅಂತ ಅರ್ಥ.

ಕನ್ನಡ ನಾಟಕ, ಸಂಗೀತ, ಪುಸ್ತಕ ಬಿಡುಗಡೆಗಳು ಹೆಚ್ಚಾಗಿ ಪೇಟೆಯಲ್ಲೇ ಆಗುತ್ತವೆ. ಕರಂದಕ್ಕಾಡಿನ ಪದ್ಮಗಿರಿ ಕಲಾಕುಟೀರ ನೋಡಿಟ್ಟುಕೊಳ್ಳಿ. ವಿದ್ಯಾನಗರದ ಸರಕಾರಿ ಕಾಲೇಜಿನ ಕನ್ನಡ ವಿಭಾಗದಲ್ಲಿಯೂ ಕಾರ್ಯಕ್ರಮ ಇರುತ್ತದೆ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಈಗ ಗಿಳಿವಿಂಡು ಸ್ಮಾರಕ. ಮಾರ್ಚ್ 23 ಪೈಗಳು ಹುಟ್ಟಿದ ದಿನ.

ಹೋಗುವ ಮೊದಲು ವಾಪಸು ಬರುವುದನ್ನು ಯೋಚಿಸಿ. ಒಳಗಿನ ಊರುಗಳಿಗೆ ಸಂಜೆ ಮೇಲೆ ಬಸ್ಸು ಕಡಿಮೆ. ಆಟೋದವರ ನಂಬರ್ ತೆಗೆದುಕೊಂಡು ಎಷ್ಟು ಗಂಟೆಗೆ ಬರಬೇಕು ಅಂತ ಹೇಳಿಟ್ಟಿರಿ. ಒಂದು ಚಾಪೆ, ಟಾರ್ಚು, ನೀರು, ಡಿಸೆಂಬರ್ ಜನವರಿಯಲ್ಲಾದರೆ ಮಕ್ಕಳಿಗೊಂದು ಶಾಲು. ಇಬ್ಬನಿ ಬೀಳುತ್ತದೆ.

ನೀವೇ ಕಲಾವಿದರಾದರೆ

ನಿಮ್ಮಲ್ಲಿ ಚಿತ್ರ ಬರೆಯುವವರು, ಹಾಡುವವರು, ಕಸೂತಿ ಹಾಕುವವರು ಇದ್ದರೆ ದಯವಿಟ್ಟು ಸುಮ್ಮನಿರಬೇಡಿ, ನಮಗೆ ಹೇಳಿ. ಧಾರವಾಡದ ಕಸೂತಿಯನ್ನೋ ಮೈಸೂರು ಶೈಲಿಯ ಚಿತ್ರವನ್ನೋ ಇಲ್ಲಿನ ಮಕ್ಕಳು ಎದುರಿಗೆ ಕಂಡಿರುವುದು ಕಡಿಮೆ. ಪ್ರದರ್ಶನಕ್ಕೆ ದೊಡ್ಡ ಹಾಲ್ ಬೇಕಿಲ್ಲ, ವಾಚನಾಲಯದವರು ಕೇಳಿದರೆ ಜಾಗ ಕೊಡುತ್ತಾರೆ, ಶಾಲೆಯವರೂ ಕೊಡುತ್ತಾರೆ. ಮೇಜು, ದಾರ, ಕ್ಲಿಪ್ಪು, ಸ್ಟ್ಯಾಂಡು ಸಂಘದಲ್ಲಿವೆ. ಫಲಕಗಳನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆಯಿರಿ, ಮಲಯಾಳದ್ದನ್ನು ನಾವು ಬರೆಸಿಕೊಡುತ್ತೇವೆ. ದಿನ ಗೊತ್ತು ಮಾಡುವ ಮುಂಚೆ ಮಾತ್ರ ಆ ಊರಿನಲ್ಲಿ ಅವತ್ತು ಆಟವೋ ಕಳಿಯಾಟವೋ ಇದೆಯಾ ಅಂತ ವಿಚಾರಿಸಿ. ಇದ್ದರೆ ಒಂದು ವಾರ ಮುಂದೆ ಹಾಕಿ, ಎಲ್ಲರೂ ಅಲ್ಲೇ ಇರುತ್ತಾರೆ.