ಜೆಸಿಬಿ ಬರುವ ಮೊದಲೇ ನಿಮ್ಮ ಬೀದಿಯ ನಕ್ಷೆ ನೋಡಿ

ಬೀದಿಗೆ ಹೊಸ ಫುಟ್‌ಪಾತ್ ಬರುತ್ತದೆ ಅಂತ ಸುದ್ದಿ ಸಿಕ್ಕ ದಿನವೇ ಓಡಾಟ ಶುರು ಮಾಡಿ. ಅಗೆಯುವುದು ಶುರುವಾದ ಮೇಲೆ ಯಾರೂ ನಕ್ಷೆ ತಿದ್ದುವುದಿಲ್ಲ.

ಮೊದಲು ವಾರ್ಡ್ ಎಂಜಿನಿಯರ್ ಹತ್ತಿರ ನಕ್ಷೆ ಕೇಳಿ. ಕೊಡದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ.

ನಕ್ಷೆ ಸಿಕ್ಕಿತಾ? ಸುಮ್ನೆ ಮೊಬೈಲಲ್ಲಿ ನೋಡಿ ಬಿಡಬೇಡಿ. ಭಾನುವಾರ ಬೆಳಿಗ್ಗೆ ನಾಲ್ಕು ಮನೆಯವರು ಟೇಪು, ಸೀಮೆಸುಣ್ಣ ಹಿಡಿದು ಬೀದಿಗೆ ಇಳಿಯಿರಿ. ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಪ್ರಕಾರ ನಡೆಯುವವರಿಗೆ ಕನಿಷ್ಠ 1.8 ಮೀಟರ್ ಅಗಲದ ಖಾಲಿ ಜಾಗ ಬೇಕು. ಕಾಗದದಲ್ಲಿ ಅದು ಇರಬಹುದು, ಆದರೆ ಟ್ರಾನ್ಸ್‌ಫಾರ್ಮರ್, ಹೊಂಗೆ ಮರದ ಬುಡ, ಗೇಟಿನ ಮುಂದಿನ ಇಳಿಜಾರು ಎಲ್ಲ ಕಳೆದು ಅಳೆದರೆ ಕೆಲವು ಕಡೆ ಎರಡು ಅಡಿಯೂ ಉಳಿಯುವುದಿಲ್ಲ. ಅಲ್ಲೇ ಗೆರೆ ಎಳೆದು ಫೋಟೊ ತೆಗೆಯಿರಿ.

ಹೂ ಮಾರುವ ಅಮ್ಮನನ್ನು, ಊರುಗೋಲು ಹಿಡಿದ ತಾತನನ್ನು ಕೇಳದೆ ಏನನ್ನೂ ಬರೆಯಬೇಡಿ. ಬೀದಿಯನ್ನು ದಿನವಿಡೀ ಬಳಸುವವರು ಅವರೇ ಅಲ್ವಾ, ಆದರೆ ಸಭೆಗೆ ಅವರನ್ನು ಯಾರೂ ಕರೆಯುವುದಿಲ್ಲ.

ಆಮೇಲೆ ಒಂದೇ ಪುಟದ ಮನವಿ, ಎಲ್ಲರ ಸಹಿ, ಜೊತೆಗೆ ಅಳತೆ ಮತ್ತು ಫೋಟೊ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

ಫುಟ್‌ಪಾತ್ ಅಲ್ಲದೆ, ನಿಮ್ಮ ಬೀದಿಯ ಮನೆ ಜಾಗವನ್ನು ವಾಣಿಜ್ಯಕ್ಕೆ ಬದಲಿಸುವ ಪ್ರಕಟಣೆ ಪೇಪರಿನಲ್ಲಿ ಬಂದರೆ ಇನ್ನೂ ಬೇಗ ಓಡಿ. ಆಕ್ಷೇಪಣೆಗೆ ಸಾಮಾನ್ಯವಾಗಿ ಸಿಗುವುದು 15 ದಿನ.