ಕೊಯ್ಯದೆ ಕಲಿಸಿದ ಕಪ್ಪೆ: ನನ್ನ ಅನುಭವ

"ಕತ್ತರಿ ಹಿಡಿಯದ ಮಕ್ಕಳಿಗೆ ಪ್ರಾಣಿಶಾಸ್ತ್ರ ತಲೆಗೆ ಹತ್ತುವುದಿಲ್ಲ" ಎಂದಿದ್ದ ಹಿರಿಯ ಮಾಸ್ತರರೊಬ್ಬರು ಈ ಮಾರ್ಚಿನಲ್ಲಿ ನಾನು ಪಾಠಕ್ಕೆಂದು ಹೊಲಿದ ಬಟ್ಟೆಯ ಕಪ್ಪೆಯನ್ನು ಎರಡು ದಿನದ ಮಟ್ಟಿಗೆ ಕೇಳಿ ಒಯ್ದರು. ಬರೆಯಲು ನನಗೆ ಅಷ್ಟೇ ಸಾಕಾಯಿತು.

ಕಾಲೇಜಿನಲ್ಲಿ ನಾನೇ ಹತ್ತು ಹದಿನೈದು ಕಪ್ಪೆ ಕೊಯ್ದಿದ್ದೇನೆ. ಮೇಣದ ತಟ್ಟೆಯ ಮೇಲೆ ಹೊಟ್ಟೆ ಬಿಚ್ಚಿದ ಮೇಲೂ ಹೃದಯ ಬಡಿಯುತ್ತಿತ್ತು. ಅದನ್ನು ಎಣಿಸಿ ರೆಕಾರ್ಡಿನಲ್ಲಿ ಬರೆದಿದ್ದೆ. ಆ ಕೆಲಸವನ್ನು ಹದಿನಾರರ ಮಕ್ಕಳಿಂದ ಮಾಡಿಸಲು ನನಗೆ ಮನಸ್ಸಿಲ್ಲ. 2014ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಲೇಜುಗಳಿಗೂ ಇದನ್ನು ನಿಲ್ಲಿಸಲು ಹೇಳಿತು. ಆದರೆ ನಮ್ಮಲ್ಲಿ ಹೆಚ್ಚಿನವರು ಗೋಡೆಗೆ ಚಾರ್ಟು ತೂಗುಹಾಕಿ ಸುಮ್ಮನಾದೆವು. ಚಾರ್ಟಿನಲ್ಲಿ ಪಿತ್ತಜನಕಾಂಗವನ್ನು ಎತ್ತಿ ಕೆಳಗೇನಿದೆ ಎಂದು ನೋಡಲಾಗುವುದಿಲ್ಲ.

ಬಿಚ್ಚಿ ಜೋಡಿಸಬಹುದಾದ ಕಪ್ಪೆಯನ್ನು ಮೊದಲು ಆವೆಮಣ್ಣಿನಲ್ಲಿ ಮಾಡಿದೆ, ಒಣಗುವಾಗ ಬಿರುಕು ಬಿಟ್ಟಿತು. ಕಾಗದದ ರಾಡಿಯಲ್ಲಿ ಮಾಡಿದ ಮೂರು ಕಪ್ಪೆಗಳಿಗೆ ಆಟಿ ತಿಂಗಳ ಮಳೆಗೆ ಬೂಸಲು ಬಂತು. ತರಿಸಿದ ರಬ್ಬರ್ ಮಾದರಿಗೆ ಸುಮಾರು ಎರಡು ಸಾವಿರ ಹೋಯಿತು, ಅಂಗಗಳು ಒಂದೇ ಮುದ್ದೆ, ಬಿಡಿಸಲಾಗದು. ಆ ವರ್ಷ ಕೈಯಿಂದ ಐದು ಸಾವಿರದ ಹತ್ತಿರ ಕಳೆದೆ.

ಕೊನೆಗೆ ದಾರಿ ತೋಟದಲ್ಲೇ ಸಿಕ್ಕಿತು. ಅಡಿಕೆ ಹಾಳೆಯನ್ನು ನೆನೆಸಿ ಬಗ್ಗಿಸಿ ಒಡಲು ಮಾಡಿದೆ, ಅಡುಗೆಮನೆಯ ಅಟ್ಟದಲ್ಲಿ ಹೊಗೆಗೆ ಇಟ್ಟೆ. ಎರಡು ಮಳೆಗಾಲ ಕಳೆದರೂ ಬೂಸಲಿಲ್ಲ. ಅಂಗಗಳಿಗೆ ಟೈಲರ್ ಅಂಗಡಿಯ ಚೂರುಬಟ್ಟೆ, ಒಳಗೆ ಹತ್ತಿ, ಕೂಡಿಸಲು ಪ್ರೆಸ್ ಬಟನ್. ಒಂದಕ್ಕೆ ನೂರೈವತ್ತು ರೂಪಾಯಿ ಮೀರುವುದಿಲ್ಲ. ಕರುಳು ಮಡಿಕೆ ತಪ್ಪದಂತೆ ಹಾಕುವ ಹೊಲಿಗೆಯನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ಕೈಯಲ್ಲೇ ತೋರಿಸುತ್ತೇನೆ.

ಮಧ್ಯೆ ಬಲೂನಿನ ಹೃದಯವನ್ನೂ ಮಾಡಿದೆ. ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳಿಂದ ಕೆಂಪು, ನೀಲಿ ನೀರು ಕೆಳಗಿನ ಒಂದೇ ಕೋಣೆಯಾದ ಹೃತ್ಕುಕ್ಷಿಗೆ ಇಳಿದು ನೇರಳೆಯಾದಾಗ ಮಕ್ಕಳು ಕೂಗಿದರು. ನಿಜವಾದ ಕಪ್ಪೆಯಲ್ಲಿ ರಕ್ತ ಅಷ್ಟು ಪೂರ್ತಿ ಬೆರೆಯುವುದಿಲ್ಲ ಎಂದು ತಿದ್ದಲು ಮತ್ತೊಂದು ಪೀರಿಯಡ್ ಬೇಕಾಯಿತು. ಕಿವಿರು ತೋರಿಸಲು ಮೀನು ಮಾರುಕಟ್ಟೆಯಲ್ಲಿ ಎಸೆಯುವ ಬಂಗುಡೆ ತಲೆಗಳನ್ನು ತಂದೆ. ಮುಟ್ಟಲು ಒಲ್ಲದವರನ್ನು ಒತ್ತಾಯಿಸಲಿಲ್ಲ.

ಒಂದು ಕಪ್ಪೆಯನ್ನು ಇಬ್ಬರು ಇಪ್ಪತ್ತು ಸಲ ಬಿಚ್ಚಿ ಜೋಡಿಸಿದರು. ಪರೀಕ್ಷೆಯಲ್ಲಿ ಮೂವತ್ತೆರಡು ಮಕ್ಕಳಲ್ಲಿ ಮೂತ್ರಪಿಂಡದ ಜಾಗ ತಪ್ಪಿದವರು ಇಬ್ಬರೋ ಮೂವರೋ. ನಾವು ನಿಜವಾದ ಕಪ್ಪೆ ಕೊಯ್ದ ಕಾಲದಲ್ಲಿ ಅರ್ಧ ತರಗತಿ ತಪ್ಪುತ್ತಿತ್ತು.

ಈಗ ಜಿರಳೆಯ ಬಾಯಿಯ ಭಾಗಗಳನ್ನು ತೆಂಗಿನ ಗೆರಟೆಯಲ್ಲಿ ಕೆತ್ತುತ್ತಿದ್ದೇನೆ. ಅಗಿಯುವ ದವಡೆ, ಅಂದರೆ ಮ್ಯಾಂಡಿಬಲ್, ಚೆನ್ನಾಗಿ ಬಂದಿದೆ, ಅದರ ಹಿಂದಿನ ಜೋಡಿಯಾದ ಮ್ಯಾಕ್ಸಿಲ್ಲ ಎರಡು ಸಲ ಮುರಿಯಿತು.