ಅಡಿಕೆ ಅಂಗಳದಲ್ಲಿ ಲಿಯರ್

ಕಿರೀಟ ತೆಗೆಸಿ ಹೆಗಲಿಗೆ ಬೈರಾಸು, ಅಂದರೆ ಟವೆಲು, ಹಾಕಿಸಿದ ಮೇಲೆಯೇ ನನ್ನ ಲಿಯರ್ ಮಾತನಾಡತೊಡಗಿದ್ದು. ಹೆಣ್ಣುಮಕ್ಕಳಿಗೆ ರಾಜ್ಯ ಹಂಚಿ ಬಿರುಗಾಳಿಯಲ್ಲಿ ಬೀದಿಗೆ ಬೀಳುವ ಶೇಕ್ಸ್‌ಪಿಯರನ ಮುದಿ ರಾಜ ಈತ. ಮೊದಲ ಸಲ ಕಾಸರಗೋಡು ಪೇಟೆಯ ಸಭಾಂಗಣವೊಂದರಲ್ಲಿ ರಾಜವೇಷದಲ್ಲೇ ಆಡಿಸಿದ್ದೆವು. ಬಂದವರು ಸುಮಾರು 60 ಜನ. ಬಿರುಗಾಳಿಯ ದೃಶ್ಯದ ಹೊತ್ತಿಗೆ ಅರ್ಧಕ್ಕರ್ಧ ಕುರ್ಚಿ ಖಾಲಿ. ವೇಷ, ಬೆಳಕು, ಬಾಡಿಗೆ ಎಲ್ಲ ಸೇರಿ 35 ಸಾವಿರದಷ್ಟು ಕೈಯಿಂದ ಹೋಯಿತು. “ಯಕ್ಷಗಾನದ ಊರಿನಲ್ಲಿ ಇದನ್ನು ಯಾರು ನೋಡುತ್ತಾರೆ ಮಾಸ್ಟ್ರೇ?” ಎಂದು ತಂಡದವರೇ ಕೇಳಿದರು.

ಎರಡನೆಯ ಸಲ, ಅಡಿಕೆ ಅಂಗಳದಲ್ಲಿ ಆಡಿಸುವಾಗ, ಲಿಯರ್ ಕಾಸರಗೋಡಿನ ಪೆರ್ಲದ ಕಡೆಯ ಅಡಿಕೆ ಕೃಷಿಕನಾದ. ರಾಜ್ಯದ ನಕ್ಷೆಯ ಜಾಗಕ್ಕೆ ಪಾಲುಪಟ್ಟಿ ಬಂದಿತು. ಆಸ್ತಿ ಹೆಣ್ಣಿನ ಕಡೆಯಿಂದ ಸಾಗುತ್ತಿದ್ದ ಅಳಿಯಸಂತಾನ ಪದ್ಧತಿಯನ್ನು ಕಂಡ ನೆಲದಲ್ಲಿ ಹೆಣ್ಣುಮಕ್ಕಳ ಹೆಸರಿಗೆ ತೋಟ ಹೋಗುವುದನ್ನು ಯಾರಿಗೂ ವಿವರಿಸಬೇಕಾಗಲಿಲ್ಲ. ಆದರೆ ಮಾತು ಕೈಕೊಟ್ಟಿತು. ಬೈರಾಸಿನ ಮನುಷ್ಯ ಬಿರುಗಾಳಿಗೆ ಸವಾಲು ಹಾಕಿದರೆ ಬಾಯಿಪಾಠ ಒಪ್ಪಿಸಿದಂತೆ ಕೇಳುತ್ತಿತ್ತು. ಆಡುಮಾತಿಗೆ ಇಳಿಸಿದರೆ ಲಿಯರನೇ ಕುಗ್ಗಿಹೋಗುತ್ತಿದ್ದ. ಮೂರು ತಿಂಗಳು ಹೀಗೆಯೇ ಹೋಯಿತು. ಕೊನೆಗೆ ಒಂದು ರಾತ್ರಿ ಹೊಳೆಯಿತು: ಈತ ತಾಳಮದ್ದಳೆಯ ಅರ್ಥಧಾರಿ! ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ತಾಳಮದ್ದಳೆ, ಅದರಲ್ಲಿ ಪಾತ್ರವಾಗಿ ಮಾತನಾಡುವವನು ಅರ್ಥಧಾರಿ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿ ಬೆಳೆದ ಊರಿದು. ಇಲ್ಲಿ ಮುದುಕನೊಬ್ಬ ಸಿಟ್ಟು ಬಂದಾಗ ಪ್ರಸಂಗದ ಭಾಷೆಯಲ್ಲಿ ಮಾತನಾಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಇದನ್ನು ಬೇರೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ.

ಮೂಲದಲ್ಲಿ ಲಿಯರ್ ತನಗೆಂದು ಉಳಿಸಿಕೊಳ್ಳುವ, ಹೆಣ್ಣುಮಕ್ಕಳು ಕಡಿತಗೊಳಿಸುವ ನೂರು ಮಂದಿ ಪರಿವಾರದ ತೊಡಕೂ ಅದರಿಂದಲೇ ಬಗೆಹರಿಯಿತು. ಮೊದಲು ಅದನ್ನು ನೂರು ತೆಂಗಿನ ಮರಗಳ ಫಸಲು ಎಂದು ಬದಲಿಸಿದ್ದೆ. ಸಪ್ಪೆಯಾಯಿತು, ಮರಗಳು ಮನೆಯೊಳಗೆ ಗದ್ದಲ ಮಾಡುವುದಿಲ್ಲವಲ್ಲ. ಈಗ ಚಾವಡಿಯಲ್ಲಿ ಹಗಲುರಾತ್ರಿ ಕೂತು ಉಣ್ಣುವ ತಾಳಮದ್ದಳೆಯ ಗೆಳೆಯರು. ಹಿರಿಯ ಮಗಳು ಇಪ್ಪತ್ತು ಊಟದ ಎಲೆಯನ್ನು ಹತ್ತಕ್ಕೆ, ಐದಕ್ಕೆ ಇಳಿಸುತ್ತಾಳೆ. “ಒಂದಾದರೂ ಯಾಕೆ?” ಎಂದು ಎರಡನೆಯವಳು ಕೇಳಿದಾಗ ಹೆಂಗಸರ ಸಾಲಿನಲ್ಲಿ ಮೊದಲು ನಗು, ಆಮೇಲೆ ಮೌನ. ಅಡುಗೆಮನೆಯ ಕಷ್ಟ ಅವರಿಗೆ ಗೊತ್ತು.

ಲಿಯರನಿಗೆ ನಿಷ್ಠನಾದ ಗ್ಲೌಸ್ಟರನ ಕಣ್ಣು ಕೀಳುವ ದೃಶ್ಯಕ್ಕೆ ಕತ್ತಿ, ಕುಂಕುಮದ ನೀರು ಬಳಸಿ ಕೆಟ್ಟಿದ್ದೆ. ಈ ಸಲ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸಲು ಮೈಲುತುತ್ತು, ಸುಣ್ಣ ಕಲಸುವ ಡ್ರಮ್ಮಿಗೇ ಅವನ ತಲೆ ಅದ್ದಿಸಿದೆ. ಒಳಗಿದ್ದದ್ದು ಅಕ್ಕಿಹಿಟ್ಟು, ನೀಲಿ ಬಣ್ಣದ ನೀರು ಮಾತ್ರ. ಸುಣ್ಣ ಕಣ್ಣಿಗೆ ಸಿಡಿದರೆ ಏನಾಗುತ್ತದೆಂದು ತೋಟದವರಿಗೆ ಹೇಳಬೇಕಿಲ್ಲ. ಬಿಳಿ ಮುಂಡಿನ ಮೇಲೆ ಇಳಿದ ನೀಲಿ, ರಕ್ತಕ್ಕಿಂತ ಹೆಚ್ಚು ಹೆದರಿಸಿತು.

ಮಳೆಯ ಸದ್ದಿಗಾಗಿ ಬಹಳ ಒದ್ದಾಡಿದೆ. ಚೆಂಡೆ ಮಾತನ್ನೇ ನುಂಗಿತು. ಜಲ್ಲಿ ಒರಟಾಯಿತು. ಕಾಳುಮೆಣಸು ಹಿತವಾಗಿತ್ತು, ಆದರೆ ಬೆಲೆ ಗೊತ್ತಲ್ಲ. ಓರೆಯಾಗಿ ನಿಲ್ಲಿಸಿದ ತಗಡಿನ ಮೇಲೆ ಚಾಲಿ ಅಡಿಕೆ, ಅಂದರೆ ಒಣಗಿಸಿ ಸುಲಿದ ಅಡಿಕೆ, ಸುರಿದಾಗ ತುಳುವರ ಆಟಿ ತಿಂಗಳ ಜಡಿಮಳೆಯೇ ಬಂದಿತು. ಗುಡುಗು ಹೇಗೆ ಮಾಡಿದೆವೆಂದು ಮಾತ್ರ ಹೇಳುವುದಿಲ್ಲ.

ದಿನ ಗೊತ್ತುಮಾಡಿದ್ದು ಬೇಸಿಗೆಯ ಕೊನೆಗೆ ಬರುವ ತುಳುನಾಡಿನ ಪತ್ತನಾಜೆಯ ಮರುದಿನದಿಂದ. ಆಗ ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಹಾಸ್ಯಗಾರರು ಬಿಡುವಾಗಿರುತ್ತಾರೆ. ವಿದೂಷಕನ ಪಾತ್ರಕ್ಕೆ ಸಿಕ್ಕಿದವರು ಕನ್ನಡ, ತುಳು, ಮಲಯಾಳಂ ಮೂರರಲ್ಲೂ ಲಿಯರನನ್ನು ಚುಚ್ಚಿದರು. ಅವರಿಗೆ ನಾನು ಬರೆದುಕೊಟ್ಟದ್ದು ಒಂದೂವರೆ ಪುಟ, ಅಷ್ಟೇ.

ನಾಟಕದ ಕೊನೆಗೆ ಲಿಯರನ ಕಿರಿಯ ಮಗಳು ಸಾಯುತ್ತಾಳೆ. “ಕಿರಿಯವಳನ್ನು ಬದುಕಿಸಿ” ಎಂದು ಊರಿನ ಹಿರಿಯರು ಒತ್ತಾಯಿಸಿದರು. 1681ರಲ್ಲಿ ಇಂಗ್ಲಿಷ್ ನಾಟಕಕಾರ ನಹಮ್ ಟೇಟ್ ಹಾಗೆಯೇ ತಿದ್ದಿದ್ದ. ಇಂಗ್ಲೆಂಡಿನ ರಂಗದ ಮೇಲೆ ಒಂದೂವರೆ ಶತಮಾನ ಅದೇ ನಡೆಯಿತು. ನಾನು ಒಪ್ಪಲಿಲ್ಲ. ಮಗಳ ಶವದ ಮುಂದೆ ಲಿಯರ್ “ಬಾರೆ” ಎಂದು ಐದು ಸಲ ಕರೆದ. ಅರ್ಥಗಾರಿಕೆ ಅಲ್ಲಿಗೆ ನಿಂತಿತ್ತು, ಬರಿಯ ಅಪ್ಪ ಉಳಿದಿದ್ದ.

ನಾಲ್ಕು ಪ್ರದರ್ಶನಕ್ಕೆ 70 ಸಾವಿರದ ಆಸುಪಾಸು ಖರ್ಚು. ಟಾರ್ಪಾಲು, ಜನರೇಟರ್, ಊಟ ಇವಕ್ಕೇ ಅರ್ಧಕ್ಕಿಂತ ಹೆಚ್ಚು. ಡಬ್ಬಿಗೆ ಬಿದ್ದದ್ದೂ ಊರವರು ಕೊಟ್ಟದ್ದೂ ಸೇರಿ ಆರೇಳು ಸಾವಿರ ಉಳಿಯಿತು. ಅಂಗಳದ ಮನೆಯವರಿಂದ ಮಳೆಯ ಸದ್ದಿಗೆಂದು ತಂದಿದ್ದ ಎರಡು ಗೋಣಿ ಚಾಲಿಯನ್ನು ಮರಳಿಸುವಾಗ ತೂಕದಲ್ಲಿ ನಾಲ್ಕು ಕಿಲೋ ಕಡಿಮೆ ಬಂದಿತು. ಅದರ ಬೆಲೆಯನ್ನು ಆ ದಿನವೇ ಕೊಟ್ಟೆ.